ಒಬ್ಬಾಕಿಯ ತೊಗರಿ

“ಪಾಕೀಟಿನ ಮ್ಯಾಲ ನಿನ್ನ ಹೆಸರ ಬೇಕೇನಬೇ ರಂಡೆ? ನಿನ್ನ ಹೆಸರ ಓದಿ ಮಂದಿ ಆ ಬ್ಯಾಳಿ ಒಲೀಮ್ಯಾಲ ಇಡ್ತಾರೋ, ತಿಪ್ಪಿಗಿ ಒಗೀತಾರೋ?”

ದೌಲತರಾಯ ಸಾವ್ಕಾರ ಅಂಗಳದ ತುಂಬ ಕೇಳುವಂತೆ ನಕ್ಕ. ರಮಾಬಾಯಿ ತನ್ನ ತೊಗರಿ ಚೀಲದ ಬಾಯಿ ಬಿಗಿಹಿಡಿದು ನಿಂತಿದ್ದಳು. ಅವಳ ಗಂಡ ದೇವೀಂದ್ರಪ್ಪ ಇದೇ ಸಾವ್ಕಾರನ ಆಳು. ಪಕ್ಕದಲ್ಲಿ ತಲೆತಗ್ಗಿಸಿ ನಿಂತವನು, “ಹೋಗಲಿ ಬಿಡ. ಹೆಸರಿಗಿ ಉಪ್ಪ ಹಚ್ಕೊಂಡು ನೆಕ್ತಿಯೇನ?” ಎಂದು ಪಿಸುಗುಟ್ಟಿದ.

ಇಷ್ಟಕ್ಕೆಲ್ಲ ಕಾರಣ ಬೆಂಗಳೂರಿನದೊಂದು ಕಂಪನಿ. ಅದು ಮೊದಲು ಕಾಫಿ ಮಾರುತ್ತಿತ್ತು. ಒಬ್ಬ ಸಣ್ಣ ರೈತನ ತೋಟದ ಬೀಜವನ್ನು ಇನ್ನೊಬ್ಬನದರ ಜೊತೆ ಬೆರೆಸದೆ, ಪಾಕೀಟಿನ ಮೇಲೆ ಅವನದೇ ಹೆಸರು ಹಾಕಿ ಮಾರುವುದು. ಈಗ ತೊಗರಿಬೇಳೆಗೂ ಅದೇ ಪದ್ಧತಿ. ಕಂಪನಿಯ ಜಯಮಾಲಾ ಅಂದು ಬೆಳಿಗ್ಗೆ ಸಾವ್ಕಾರನ ಅಂಗಳದಲ್ಲೇ ಗ್ಯಾಸ್ ಹಚ್ಚಿ, ಊರಿನ ಐದಾರು ಮಂದಿಯ ಬೇಳೆಯನ್ನು ಉಪ್ಪು ಸಹ ಹಾಕದೆ ಬೇರೆ ಬೇರೆ ಬೇಯಿಸಿ, ಯಾರದು ಯಾವುದೆಂದು ಹೇಳದೆ ರುಚಿ ನೋಡಿಸಿದ್ದಳು. ಸಾವ್ಕಾರ ಒಂದು ಪಾತ್ರೆಯದನ್ನು ನೆಕ್ಕಿ ನೆಕ್ಕಿ ತಿಂದು, “ಇದು ನಮ್ದೇ ನೋಡ್ರಿ ಬಾಯಿ, ಭೀಮಾ ದಂಡಿ ಹೊಲದ್ದು. ನಾಲಿಗಿ ಸುಳ್ಳ ಹೇಳಂಗಿಲ್ಲ” ಎಂದು ಮೀಸೆ ತಿರುವಿದ್ದ.

ಅದು ರಮಾಬಾಯಿಯದಾಗಿತ್ತು! ತಾಯಿ ಕೊಟ್ಟ ಸಣ್ಣಕಾಳಿನ ಬೀಜ. ಬೂದಿ ಕಲಸಿ ಗಡಿಗೆಯಲ್ಲಿ ಕಾಯ್ದಿಟ್ಟು, ತವರಿನಿಂದ ಬಂದ ಎರಡೆಕರೆಯಲ್ಲಿ ಬೆಳೆದದ್ದು. ಕಂಪನಿಗೆ ಬೇಕಾದದ್ದೂ ಅದೇ.

ಆದರೆ ಸಾವ್ಕಾರ ಸುಮ್ಮನೆ ಸಾವ್ಕಾರನಾದವನಲ್ಲ. ಬಡವರ ಕೈಗೆ ಬಂದ ತುತ್ತು ಬಾಯಿಗೆ ಬಾರದಂತೆ ಮಾಡುವುದರಲ್ಲಿ ಅವನದು ಎತ್ತಿದ ಕೈ. ಬೈಗುಳ ನಡೆಯದೆಂದು ಕಂಡೊಡನೆ ದನಿಯೇ ಬದಲಾಯಿತು. ಹಣೆಯ ವಿಭೂತಿ ಮುಟ್ಟಿಕೊಂಡು ಜಯಮಾಲಾಳ ಕಡೆ ತಿರುಗಿದ.

“ಶರಣರ ಮನೆತನ ನಮ್ದು ಬಾಯಿ. ಕಾಳಿಗೆಲ್ಲೀ ಜಾತಿರಿ? ನನ್ನ ತೊಗರಿ, ಆಕೀ ತೊಗರಿ ಅಂತ ಭೇದ ಯಾಕ? ಎಲ್ಲಾ ಕೂಡಸ್ರಿ, ನಮ್ಮ ಮನಿ ಹೆಸರ ಹಾಕ್ರಿ. ಆಕಿ ರೊಕ್ಕ ಆಕಿಗಿ ಮುಟ್ಟಸ್ತೇನಿ.”

ಕೊಂಡ ಮಾಲು ಇಡಲು ಜಯಮಾಲಾಳಿಗೆ ಸಾವ್ಕಾರನ ಗೋದಾಮು ಬೇಕಿತ್ತು. “ರಮಾಬಾಯಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ” ಎಂದಳು.

ಆಹಾ, ಎಂಥಾ ಸಮಾನತೆ! ವರ್ಷಾ ವರ್ಷಾ ರಮಾಬಾಯಿಯ ತೊಗರಿ ಸಾವ್ಕಾರನ ರಾಶಿಯಲ್ಲಿ ಕೂಡಿ ಆಳಂದದ ಬಜಾರಕ್ಕೆ ಹೋಗುತ್ತಿತ್ತು. ಇದು ಯಾರ ಬೆಳೆ ಎಂದು ಯಾರೋ ಕೇಳಿದ್ದು ಇದೇ ಮೊದಲು. ಅದನ್ನೂ ಇವನೇ ನುಂಗಬೇಕೆ?

“ಚೀಲ ಕಾಯಿ” ಎಂದು ಗಂಡನಿಗೆ ಹೇಳಿ ಕೇರಿಗೆ ನಡೆದಳು. ಬೆಳಿಗ್ಗೆ ಮನೆಯಲ್ಲಿ ಮಾಡಿಟ್ಟಿದ್ದ ಬೇಳೆಯ ಗಡಿಗೆ, ಎರಡು ರೊಟ್ಟಿ ತಂದು ಸಾವ್ಕಾರನ ಮುಂದಿಟ್ಟಳು.

“ಕಾಳಿಗಿ ಜಾತಿ ಇಲ್ಲಂದ್ರಲ್ರಿ. ಬೆಂದ ಬ್ಯಾಳಿಗೂ ಇರಬಾರದು. ಅದೇ ತೊಗರಿ, ನಮ್ಮ ಒಲೀಮ್ಯಾಲ ಬೆಂದದ್ದು. ಒಂದ್ ತುತ್ತ ಉಣ್ರಿ. ಉಂಡ್ರ ನಿಮ್ಮ ಹೆಸರೇ ಹಾಕ್ಕೋರಿ, ನಾ ಪಿಟಕ್ಕಂತ ಅನ್ನಂಗಿಲ್ಲ.”

ಸಾವ್ಕಾರ ಗಡಿಗೆ ನೋಡಿದ, ಜಯಮಾಲಾಳನ್ನು ನೋಡಿದ.

“ಇವತ್ತ ಸೋಮವಾರ. ನಂದು ಉಪವಾಸ.”

“ಹಂಗಾರ ಮುಂಜಾನೆ ನೆಕ್ಕಿದ್ದು ಯಾವ ವಾರರೀ?”

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಸಾವ್ಕಾರನ ಮುಖ ಕೆಂಪಾಯಿತು.

“ಹೊಲೆರ ಗಡಿಗಿ ನನ್ನ ಮುಂದ ಇಡ್ತಿಯೇನಬೇ? ಏ ದೇವ್ಯಾ! ಒದಿ ಅದನ್ನ! ಚೀಲ ಎತ್ತಿ ನನ್ನ ರಾಶ್ಯಾಗ ಸುರುವು, ಭಾಡ್ಯಾ!”

ದೇವೀಂದ್ರಪ್ಪ ಚೀಲ ಬಿಟ್ಟು ಮುಂದೆ ಬಂದ. ಮುಗಿಯಿತು ಅಂದುಕೊಂಡಳು ರಮಾಬಾಯಿ. ಕಟ್ಟಿಕೊಂಡವನೇ ಒದೆಯುವುದನ್ನು ನೋಡಲಾರದೆ ಮುಖ ತಿರುಗಿಸಿದಳು.

ಗಡಿಗೆ ಒಡೆದ ಸಪ್ಪಳ ಕೇಳಲಿಲ್ಲ. ತಿರುಗಿ ನೋಡಿದರೆ ಅವನು ಗಡಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ರೊಟ್ಟಿ ಮುರಿದು ಬೇಳೆಯಲ್ಲಿ ಅದ್ದಿದ. ಬಾಯಿಗಿಟ್ಟು ಜಗಿದ.

“ಕಿವುಡಾಗಿಯೇನಲೇ ಸೂಳೆಮಗನ? ನಾಳಿಂದ ಕೆಲಸ ಇಲ್ಲ ನಿನಗ! ಎತ್ತ ಚೀಲ!”

ದೇವೀಂದ್ರಪ್ಪ ತಲೆ ಎತ್ತಲಿಲ್ಲ. ಇನ್ನೊಂದು ತುತ್ತು ಮುರಿದ.

“ಉಣ್ಣಾಕತ್ತೇನ್ರಿ” ಎಂದ.