ತಾಯಿಗೊಂದು ಟ್ರೇ, ಮಗುವಿಗೊಂದು ಟ್ರೇ

“ಹೆತ್ತವಳು ಹೆಣವಾಗಿ ಮಲಗಿದಾಳೆ, ನಿನಗೆ ಈಗ ಬೇಕಾಯ್ತಾ ಈ ಮಾತು?” ಚಿಕ್ಕಮ್ಮ ಕೈಯಲ್ಲಿದ್ದ ಬಾಚಣಿಗೆಯನ್ನು ಮಂಚದ ಮೇಲೆ ಒಗೆದಳು.

ಮಗಳು ಕೇಳಿದ್ದು ಇಷ್ಟೇ. ಸಾಯುವ ಮುಂಚೆ ಅಮ್ಮ ತನ್ನ ಬಗ್ಗೆ ಏನಾದರೂ ಅಂದಳೇ?

“ನಿನ್ನ ಸುದ್ದಿ ಎತ್ತಿದ್ರೆ ಗೋಡೆ ಕಡೆ ತಿರುಗ್ತಿದ್ಲು. ಸಾಕಾ? ನೀನೇನು ಕಮ್ಮೀನಾ? ಒಂದು ಫೋನು ಮಾಡಿದ್ಯಾ?”

“ಮಾಡಿದ್ದೆ. ನನ್ನ ದನಿ ಕೇಳಿ ಇಟ್ಟುಬಿಡ್ತಿದ್ಲು.”

ತಾಯಿ ಮಗಳು ಇಬ್ಬರೂ ಒಂದೇ ಮರದ ಕೊರಡು ಎಂದು ಬೈಯುತ್ತ ಚಿಕ್ಕಮ್ಮ ಹೆಣ ಒಯ್ಯುವ ಗಾಡಿ ಬಂತೇ ನೋಡಲು ಹೊರಟಳು. ಮಗಳು ಅಮ್ಮನ ತಲೆ ಬಾಚತೊಡಗಿದಳು. ಮನೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಒಲೆಯ ಪಕ್ಕ ಒಂದು ಲೋಟ ಬೋರಲು ಬಿದ್ದಿತ್ತು. ಬಂದವರೆಲ್ಲ ನಿಂತೇ ಇದ್ದರು.

*

ಎಷ್ಟೋ ವರ್ಷಗಳ ಹಿಂದಿನ ಮಾತು. ಹೆರಿಗೆ ವಾರ್ಡಿನಲ್ಲಿ ಅಮ್ಮ ದೊಡ್ಡ ಸಿಸ್ಟರ್, ಮಗಳು ಆಗಷ್ಟೇ ಸೇರಿದ್ದ ನರ್ಸು. ಒಂದು ದಿನ ಒಂದರ ಹಿಂದೊಂದು ಹೆರಿಗೆ, ಯಾರಿಗೂ ಉಸಿರಾಡಲು ಬಿಡುವಿರಲಿಲ್ಲ. ಬಾಣಂತಿಗೆ ರಕ್ತ ಹೋಗುವುದನ್ನು ತಡೆಯುವ ಇಂಜೆಕ್ಷನ್, ಹುಟ್ಟಿದ ಕೂಸಿಗೆ ಕೊಡುವ ವಿಟಮಿನ್ ಕೆ, ಎರಡೂ ಪುಟ್ಟ ಗಾಜಿನ ಬುಡ್ಡಿಗಳು, ಒಂದೇ ಟ್ರೇಯಲ್ಲಿದ್ದವು. ಮಗಳು ತಪ್ಪಿ ಬಾಣಂತಿಯದನ್ನು, ಕೂಸಿನ ಜೀವಕ್ಕೇ ಅಪಾಯವಾದದ್ದನ್ನು, ಸಿರಿಂಜಿಗೆ ಎಳೆದುಕೊಂಡು ಕೂಸಿನ ತೊಡೆ ಹಿಡಿದಳು.

ಸೂಜಿ ತಾಗುವ ಮೊದಲೇ ಅಮ್ಮ ಅವಳ ಮಣಿಕಟ್ಟು ಹಿಡಿದಳು. ಕೂಸಿಗೆ ಏನೂ ಆಗಲಿಲ್ಲ. ಆದರೆ ಡಾಕ್ಟರು, ಆಯಾ, ಬಾಣಂತಿಯ ಅತ್ತೆ ಎಲ್ಲರೆದುರು ಅಮ್ಮ ಹೇಳಿದಳು: “ವಾರ್ಡಿನ ಕಸ ಗುಡಿಸೋಕೂ ಲಾಯಕ್ಕಿಲ್ಲ ನೀನು. ನಡಿ ಹೊರಗೆ.”

ಮಗಳು ವಾರ್ಡನ್ನೂ ಬಿಟ್ಟಳು, ಮನೆಯನ್ನೂ ಬಿಟ್ಟಳು. ಬೇರೆ ಊರಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತಳು. ಮತ್ತೆಂದೂ ಸೂಜಿ ಮುಟ್ಟಲಿಲ್ಲ.

*

ಡ್ಯೂಟಿ ಮುಗಿಸಿದ ನರ್ಸುಗಳು ಬಂದರು. ಅವರಲ್ಲೊಬ್ಬ ದಪ್ಪನೆಯವಳು ಮಂಚದ ಬಳಿ ನಿಂತು ಕಣ್ಣೊರೆಸಿಕೊಂಡಳು. ಸಿಸ್ಟರಿಗೆ ಮಗಳಿದ್ದದ್ದೇ ಅವಳಿಗೆ ಗೊತ್ತಿರಲಿಲ್ಲ. ತಲೆ ಬಾಚುತ್ತಿದ್ದವಳನ್ನು ಪಕ್ಕದ ಮನೆಯವಳೆಂದುಕೊಂಡು ಮಾತಿಗೆ ತೊಡಗಿದಳು. ಸಿಸ್ಟರ್ ಕಾಟಕ್ಕೆ ಮನೆಯಲ್ಲಿ ಸಾರಿಗೆ ಉಪ್ಪು ಹಾಕುವಾಗಲೂ ಡಬ್ಬಿ ಎರಡು ಸಲ ನೋಡುವಂತಾಗಿದೆ ಎಂದು ನಕ್ಕಳು. ವಾರ್ಡಿನಲ್ಲಿ ತಾಯಿಯ ಔಷಧಿಗೆ ಒಂದು ಟ್ರೇ, ಮಗುವಿನದಕ್ಕೆ ಇನ್ನೊಂದು. ತೊಟ್ಟಿಲ ಹತ್ತಿರ ತಾಯಿಯ ಬುಡ್ಡಿ ಕಂಡರೆ ಸಿಸ್ಟರ್ ವಾರ್ಡು ಹಾರಿಹೋಗುವಂತೆ ಕೂಗುತ್ತಿದ್ದರಂತೆ.

“ಯಾಕಂತೆ?” ಮಗಳ ಕೈ ನಿಂತಿತು.

“ಹಿಂದೊಂದ್ಸಲ ಅವಸರದಲ್ಲಿ ಇವರೇ ಎರಡನ್ನೂ ಒಂದೇ ಟ್ರೇಲಿ ಇಟ್ಟಿದ್ರಂತೆ. ಯಾವುದೋ ಹುಡುಗಿ ತಪ್ಪಿ ಎತ್ಕೊಂಡ್ಲು. ಅವಳ ಮೇಲೆ ಹಾರಾಡಿ ಓಡಿಸಿಬಿಟ್ರಂತೆ. ‘ಕೈ ಅವಳದು, ತಪ್ಪು ನಂದು’ ಅಂತ ಹೊಸಬರು ಬಂದಾಗೆಲ್ಲ ಹೇಳೋರು.”

“ಆ ಹುಡುಗಿಗೆ ಹೇಳಿದ್ರಾ?”

“ನಾನೂ ಕೇಳಿದ್ದೆ. ಅವಳು ಯಾರು ಅಂತಾನೇ ಮರ್ತೋಗಿದೆ ಅಂದ್ರು.”

ಮಗಳು ಅಮ್ಮನ ಮುಖದ ಹತ್ತಿರಕ್ಕೆ ಬಾಗಿದಳು.

“ಎಲ್ಲರಿಗೂ ಹೇಳಿದ್ದೀಯ,” ಎಂದಳು ಮೆಲ್ಲಗೆ. “ನನ್ನೊಬ್ಬಳನ್ನ ಬಿಟ್ಟು.”

ದಪ್ಪ ನರ್ಸು ಬಾಯಿಗೆ ಕೈ ಇಟ್ಟು ಹಿಂದೆ ಸರಿದಳು. ಹೊರಗೆ ಗಾಡಿ ಬಂದು ನಿಂತಿತು. ಮಗಳಾದವಳು ತಾಯಿಯ ಪಕ್ಕ ಕೂರಲಿ ಎಂದು ಚಿಕ್ಕಮ್ಮ ಕೂಗಿದಳು. ಮಗಳು ಹೊಸ್ತಿಲು ದಾಟಿ, ನರ್ಸುಗಳ ಬಿಳಿ ಬೂಟುಗಳ ಸಾಲಿನಲ್ಲಿ ತನ್ನ ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಗಾಡಿ ಹತ್ತದೆ ಅದರ ಪಕ್ಕದಿಂದ ಹಾದು ನಡೆದಳು. ಬೀದಿಯ ತಿರುವಿನಲ್ಲೂ ಹಿಂದೆ ನೋಡಲಿಲ್ಲ.

ಹೆಣವನ್ನು ಒಳಗಿಟ್ಟ ಮೇಲೂ ಡ್ರೈವರ್ ಹಿಂದಿನ ಬಾಗಿಲು ತೆರೆದಿಟ್ಟು ಬಹಳ ಹೊತ್ತು ಕಾದ. ಕೊನೆಗೆ ಖಾಲಿ ಸೀಟಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿ, ಬಾಗಿಲು ಹಾಕಿದ.