ಕದಲದ ಗೇರು

ಇನ್ನು ಕಾರು ಓಡಿಸಬಹುದು ಎಂದು ಮಂಡಿ ಆಪರೇಷನ್ ಮಾಡಿದ ಡಾಕ್ಟರು ಹೇಳಿ ವಾರವಾಗಿತ್ತು. ಅಂದಿನಿಂದ ಹೊಲಿಗೆ ಟೀಚರು ದಿನಾ ಬೆಳಿಗ್ಗೆ ಕಾರಿನಲ್ಲಿ ಕೂತು, ಕೀ ತಿರುಗಿಸಿ, ಬ್ರೇಕ್ ತುಳಿದು ಗೇರ್ ಲಿವರ್ ಎಳೆಯುತ್ತಿದ್ದರು. ಲಿವರ್ ಪಾರ್ಕಿಂಗ್ ಗುರುತಾದ 'ಪಿ' ಬಿಟ್ಟು ಕದಲುತ್ತಿರಲಿಲ್ಲ.

ಬ್ರೇಕ್ ತುಳಿಯದಿದ್ದರೆ ಗೇರು ಬರಬಾರದೆಂದೇ ಆ ಆಟೊಮ್ಯಾಟಿಕ್ ಕಾರನ್ನು ಮಾಡಿದ್ದಾರೆ ಎಂಬುದು ಅವರಿಗೂ ಗೊತ್ತಿತ್ತು. ಮಗಳು ಅದನ್ನೇ ಹಿಡಿದಳು.

"ಕಾಲಲ್ಲಿ ಕಸುವಿಲ್ಲ ಅಮ್ಮ. ಕಾರೇ ಹೇಳ್ತಿದೆಯಲ್ಲ. ಸಂಜೆ ಒಬ್ಬರು ಕಾರು ನೋಡೋಕೆ ಬರ್ತಾರೆ, ಮಾರಿಬಿಡೋಣ."

ಟೀಚರು ಕಾರಿನ ಬಾಗಿಲು ಮುಚ್ಚಿ ಒಳಗೆ ಹೋದರು.

ಮಧ್ಯಾಹ್ನ ಪರದೆಯೊಂದರ ಅಂಚು ಹೊಲಿಯುತ್ತಿದ್ದಾಗ, ಮಿಷನ್ನಿನ ಪೆಡಲ್ ತುಳಿಯುತ್ತಿದ್ದ ಆಪರೇಷನ್ ಆದ ತಮ್ಮ ಬಲಗಾಲನ್ನು ಅವರು ನೋಡಿದರು. ಅರ್ಧ ಗಂಟೆಯಾದರೂ ಅದು ಸೋತಿರಲಿಲ್ಲ. ಎದ್ದು ಮಗಳನ್ನು ಕಾರಿನ ಹತ್ತಿರ ಕರೆದರು.

"ಕೂತು ಬ್ರೇಕ್ ತುಳಿ."

"ನಂಗೆ ಓಡಿಸೋಕೆ ಬರಲ್ಲ."

"ಓಡಿಸು ಅಂದೆನಾ? ತುಳಿ ಅಂದೆ."

ಮಗಳು ಕೀ ತಿರುಗಿಸಿ, ಹಲ್ಲುಕಚ್ಚಿ ತುಳಿದು ಲಿವರ್ ಎಳೆದಳು. ಜಪ್ಪಯ್ಯ ಅಂದರೂ ಅದು ಅಲುಗಲಿಲ್ಲ.

"ನಿನ್ನ ಕಾಲಲ್ಲೂ ಕಸುವಿಲ್ವೇನೇ? ಹಾಗೇ ತುಳಿದಿರು."

ಟೀಚರು ಗೋಡೆ ಹಿಡಿದುಕೊಂಡು ಹಿಂದೆ ಹೋಗಿ ನೋಡಿದರು. ಬ್ರೇಕಿನ ಕೆಂಪು ದೀಪ ಹತ್ತಿರಲಿಲ್ಲ. ನೇರ ಗ್ಯಾರೇಜಿಗೆ ಫೋನ್ ಮಾಡಿದರು.

ಮೆಕ್ಯಾನಿಕ್ ಬಂದು ಸ್ಟಿಯರಿಂಗ್ ಕೆಳಗೆ ಅಂಗಾತ ಮಲಗಿದ. "ಟೀಚರೇ, ಪೆಡಲ್ ಹತ್ತಿರ ಒಂದು ಸ್ವಿಚ್ ಇರುತ್ತೆ. ನೀವು ತುಳಿದಿರಿ ಅನ್ನೋ ಸುದ್ದಿನ ಹಿಂದಿನ ದೀಪಕ್ಕೂ ಮುಟ್ಟಿಸುತ್ತೆ, ಲಿವರ್ ಬುಡದ ಬೀಗಕ್ಕೂ ಮುಟ್ಟಿಸುತ್ತೆ. ಅದು ಕೆಟ್ಟಿದೆ. ಸುದ್ದಿ ಹೋಗದಿದ್ರೆ ಬೀಗ ಬಿಚ್ಚಲ್ಲ, ಆನೆ ಬಂದು ತುಳಿದರೂ ಅಷ್ಟೇ."

ಹೊಸ ಸ್ವಿಚ್ ಹಾಕಿ, ದೀಪ ಹತ್ತುವುದನ್ನು ತೋರಿಸಿ ಅವನು ಹೋದ. ಟೀಚರು ಕೂತು, ಕೀ ತಿರುಗಿಸಿ, ಬ್ರೇಕ್ ತುಳಿದರು. ಒಳಗೆಲ್ಲೋ ಟಿಕ್ ಎಂದಿತು. ಲಿವರ್ ಸಲೀಸಾಗಿ ಇಳಿಯಿತು.

ಮಗಳು ಕಿಟಕಿಯ ಹತ್ತಿರ ನಿಂತಿದ್ದಳು. "ಕಾಲಿನ ಮಾತು ಸುಮ್ನೆ ನೆಪ ಅಮ್ಮ," ಎಂದಳು. "ನೀನು ಒಬ್ಬಳೇ ಹೋದ್ರೆ ನಂಗೆ ಭಯ."

"ಅಷ್ಟು ಭಯ ಇದ್ರೆ ಪಕ್ಕದಲ್ಲಿ ಕೂತ್ಕೋ. ಮೊದಲು ಸಂಜೆಯವರಿಗೆ ಬರಬೇಡಿ ಅಂತ ಹೇಳು."

ಮಗಳು ಫೋನ್ ತೆಗೆದು ನಂಬರ್ ಹುಡುಕಿದಳು. ಟೀಚರು ಅವಸರಪಡಿಸಲಿಲ್ಲ, ಬ್ರೇಕಿನಿಂದ ಕಾಲನ್ನೂ ತೆಗೆಯಲಿಲ್ಲ. ಆಮೇಲೆ ಅವಳು ಫೋನ್ ಕಿವಿಗಿಟ್ಟುಕೊಂಡು, ಕಾರು ಸುತ್ತಿ ಬಂದು, ಆಚೆಯ ಬಾಗಿಲು ತೆಗೆದಳು.