ಗುರ್ತಿಗಿ ಅಂದ ಮಾತು

ಬೀಗರು ಬಂದಿಳಿದ ಗಳಿಗೆಯಿಂದಲೇ ಕಲ್ಯಾಣದ ಕಸ್ತೂರಿಬಾಯಿಗೆ ಮೈಯೆಲ್ಲ ಉರಿಯುತ್ತಿತ್ತು. ಧಾರವಾಡದಿಂದ ಗುಲಬರ್ಗಾದ ತನಕ ರೈಲು, ಅಲ್ಲಿಂದ ಹುಮನಾಬಾದಿಗೆ ಒಂದು ಬಸ್ಸು, ಹುಮನಾಬಾದಿನ ಸ್ಟ್ಯಾಂಡಿನಲ್ಲಿ ಬಿಸಿಲಿಗೆ ಬೆಂದು ಇನ್ನೊಂದು ಬಸ್ಸು. ಅಷ್ಟು ದೂರದಿಂದ ಬಂದವರು ದಣಿದಿರುತ್ತಾರೆ, ಎರಡು ಮಾತು ಆಡುತ್ತಾರೆ, ಹೊಟ್ಟೆಗೆ ಹಾಕಿಕೋ ಎಂದು ಗಂಡ ಮಹಾರುದ್ರಪ್ಪ ಮೊದಲೇ ಹೇಳಿದ್ದ. ಆದರೆ ಬೀಗಿತ್ತಿ ಶಕುಂತಲಾಬಾಯಿ ಟಾಂಗಾದಿಂದ ಕಾಲು ಕೆಳಗಿಡುವ ಮೊದಲೇ ಅಂದದ್ದು ಒಂದೇ ಮಾತು: "ಅಯ್ಯ ನಮ್ಮವ್ವ, ಏನು ಮೊಗಲಾಯಿ ಬಸ್ಸೋ ಏನೋ!"

ಅಲ್ಲಿಂದ ಹಿಡಿದು ಆ ಮಾತು ಅವಳ ಬಾಯಿಂದ ಇಳಿಯಲೇ ಇಲ್ಲ. ಬಿಸಿನೀರು ತಡವಾದರೆ ಮೊಗಲಾಯಿ ಕಾರಭಾರ. ಸಾರಿಗೆ ಖಾರ ಹೆಚ್ಚಾದರೆ ಮೊಗಲಾಯಿ ಕೈ. ಮಹಾರುದ್ರಪ್ಪ ಪಾಪ, "ಎಲ್ಲಾ ಬಂದೋಬಸ್ತ್ ಆಗ್ಯಾದ್ರಿ, ಫಿಕರ್ ಮಾಡಬ್ಯಾಡ್ರಿ" ಎಂದು ಕೈ ಮುಗಿದರೆ, "ಕೇಳ್ರೇ, ಮೊಗಲಾಯಿ ಕನ್ನಡ ಕೇಳ್ರಿ" ಎಂದು ತನ್ನ ಕಡೆಯ ಹೆಂಗಸರನ್ನು ನಗಿಸಿದಳು. ನಿಜಾಮನ ಸೀಮೆಗೆ ಮುಂಬೈ ಸೀಮೆಯವರು ಇಟ್ಟ ಹೆಸರು ಅದು. ಹೊತ್ತುಗೊತ್ತು ಇಲ್ಲದವರು, ಅರ್ಧ ತುರುಕರು, ದುಡಿಯಲು ಬಾರದವರು ಎಂಬುದೆಲ್ಲ ಆ ಒಂದು ಮಾತಿನಲ್ಲಿ ಅಡಗಿತ್ತು. ಸೀಮೆಗಳೆಲ್ಲ ಕೂಡಿ ಒಂದು ರಾಜ್ಯವಾಗಿ ಆರು ವರ್ಷ ಕಳೆದಿತ್ತು. ನಕಾಶೆಯಲ್ಲಿ ಗೆರೆ ಅಳಿಸುವುದು ಸುಲಭ, ಶಕುಂತಲಾಬಾಯಿಯ ನಾಲಿಗೆಯ ಮೇಲಿನ ಗೆರೆಯನ್ನು ಅಳಿಸುವವರು ಯಾರು?

ಕಸ್ತೂರಿಬಾಯಿ ತನಗಾಗಿ ಉರಿಯುತ್ತಿರಲಿಲ್ಲ. ಬೀಗರ ಜೊತೆ ಅವರ ಹಿರಿಯ ಸೊಸೆಯೂ ಬಂದಿದ್ದಳು, ವಿಜಾಪುರ ಕಡೆಯವಳು. ಅವಳನ್ನು ಶಕುಂತಲಾಬಾಯಿ ಕರೆಯುತ್ತಿದ್ದದ್ದು "ಏ ಬರಗಾಲ" ಎಂದು. ಬರದ ಸೀಮೆಯಿಂದ ಬಂದವಳು ಬರಗಾಲ. ಗಂಡ, ಮೈದುನ, ಕೆಲಸದವಳು, ಎಲ್ಲರಿಗೂ ಅವಳು ಬರಗಾಲವೇ. ಕರೆದ ಕೂಡಲೇ ಆ ಹೆಂಗಸು "ಬಂದೆ ಅತ್ತಿ" ಎಂದು ಎದ್ದು ಓಡುತ್ತಿದ್ದಳು. ಅದನ್ನು ನೋಡಿ ಕಸ್ತೂರಿಬಾಯಿ ಮಗಳ ಕಡೆ ತಿರುಗಿದ್ದಳು. ನಾಳೆ ಅಕ್ಕಿಕಾಳು ಬಿದ್ದರೆ ತನ್ನ ಭಾಗಮ್ಮನೂ ಆ ಮನೆ ಹೊಗುತ್ತಾಳೆ. ಅವ್ವನ ಹೆಸರನ್ನು ಮಗಳಿಗಿಟ್ಟು, ತೊಟ್ಟಿಲು ತೂಗಿ, ಬಾಯಿ ತುಂಬ ಕರೆದು ಬೆಳೆಸಿದ್ದು ಧಾರವಾಡದ ಓಣಿಯಲ್ಲಿ 'ಏ ಮೊಗಲಾಯಿ' ಅನ್ನಿಸಿಕೊಳ್ಳಲೆಂದೇ? ಮದುವೆಗೆ ಮೊದಲೇ, ನಾಲ್ಕು ಮಂದಿ ಹೆಂಗಸರ ಎದುರಿಗೆ ಆ ಮಾತಿನ ಬಾಯಿ ಮುಚ್ಚಿಸಬೇಕು ಎಂದು ಅವಳು ಹಲ್ಲು ಕಚ್ಚಿದಳು.

ಬಳೆ ತೊಡಿಸುವ ಹೊತ್ತಿಗೆ ಅದು ಕೂಡಿ ಬಂತು. ಹಂದರದ ಕೆಳಗೆ ಅರಿಶಿನ ಹಚ್ಚಿಕೊಂಡ ಭಾಗಮ್ಮ ಮಣೆಯ ಮೇಲೆ ಕೂತಿದ್ದಳು. ಎದುರಿಗೆ ಬಳೆಗಾರ್ತಿ ಬೀಬಿಜಾನ ಹಸಿರು ಬಳೆಯ ಬುಟ್ಟಿ ಬಿಚ್ಚಿ, ಹುಡುಗಿಯ ಎಡಗೈ ಹಿಡಿದು ಹಿಂಡಿ ಮೆತ್ತಗೆ ಮಾಡಿ, ಒಂದೊಂದೇ ಬಳೆ ಏರಿಸುತ್ತಿದ್ದಳು. ಕಲ್ಯಾಣದ ಹೆಂಗಸರ ಮುಂಗೈಯ ಅಳತೆಯೆಲ್ಲ ಅವಳ ಬೆರಳಿನಲ್ಲಿತ್ತು. ಸುತ್ತ ಎರಡೂ ಕಡೆಯ ಹೆಂಗಸರು ಒತ್ತಿ ಕೂತಿದ್ದರು.

"ಮೊಗಲಾಯಿ ಕೈ ಭಾಳ ಬಿರುಸು, ಜ್ವಾಕಿ" ಎಂದಳು ಶಕುಂತಲಾಬಾಯಿ.

ಕಸ್ತೂರಿಬಾಯಿ ಎದ್ದು ನಿಂತಳು. "ನೋಡ್ರಿ ಬೀಗಿತ್ತಿ, ನೀವು ಬಂದಾಗಿಂದ ಕೇಳಾಕತ್ತೀನಿ. ನನ್ನ ಮಗಳಿಗಿ ಒಂದು ಹೆಸರದ. ಭಾಗಮ್ಮ. ನೀವು ಅನ್ನಾಕತ್ತಿದ್ದು ಹೆಸರಲ್ಲ, ಬೈಗಳ."

"ಅಯ್ಯ, ಬೈಗಳ ಹ್ಯಾಂಗ ಆಕ್ಕೈತ್ರಿ? ನಿಮ್ಮ ಸೀಮಿ ಹೆಸರು ಅದು."

"ಸೀಮಿ ಹೆಸರಾದ್ರ ಉಣ್ಣಾಗ ಯಾಕ ಅಂದ್ರಿ, ನಗಾಗ ಯಾಕ ಅಂದ್ರಿ? ಸಾರು ರುಚಿ ಆದಾಗ ಒಮ್ಮಿನೂ ಮೊಗಲಾಯಿ ಸಾರು ಅನ್ನಲಿಲ್ಲ ನೀವು. ಕೆಟ್ಟಿದ್ದಕ್ಕಷ್ಟೇ ಹಚ್ಚೋ ಮಾತು ಬೈಗಳ ಅಲ್ದ ಮತ್ತೇನ್ರಿ?"

ಪೆಟ್ಟು ಸರಿಯಾದ ಜಾಗಕ್ಕೇ ಬಿತ್ತು. ಕಲ್ಯಾಣದ ಹೆಂಗಸರು "ಹೌದ್ರಿ ಮತ್ತ, ಖರೆ ಅದ" ಎಂದರು. ಧಾರವಾಡದ ಕಡೆಯ ಒಬ್ಬಿಬ್ಬರೂ ತಲೆ ಆಡಿಸಿದರು. ಬರಗಾಲ ಅನ್ನಿಸಿಕೊಂಡ ಸೊಸೆ ನೆಲ ನೋಡುತ್ತಿದ್ದವಳು ಮೊದಲ ಸಲ ಮುಖ ಎತ್ತಿದಳು. ಶಕುಂತಲಾಬಾಯಿ ಸೆರಗಿನ ತುದಿ ಹಿಡಿದು, "ಆತು ಬಿಡ್ರಿ, ಮದವಿ ಮನ್ಯಾಗ ಇಷ್ಟಕ್ಕ ಜಗಳ ಯಾಕ, ನಿಮಗ ಬ್ಯಾಸರ ಆಗೂದಾದ್ರ..." ಎಂದು ರಾಗ ಎಳೆದಳು. ಇನ್ನೊಂದು ಉಸಿರಿಗೆ ಸೋಲುತ್ತಿದ್ದಳು.

ಆಗ ಕಸ್ತೂರಿಬಾಯಿ, ಗೆದ್ದ ಗತ್ತಿನಲ್ಲಿ, ಬಳೆಗಾರ್ತಿಯ ಕಡೆ ತಿರುಗಿ ಅಂದಳು: "ಏ ರಜಾಕಾರ್ತಿ, ನೀ ಯಾಕ ಕೈ ನಿಲ್ಲಿಸ್ದಿ? ತೊಡಸು."

ಎಲುಬಿಲ್ಲದ ನಾಲಿಗೆ. ಬೇಕೆಂದು ಆಡಿದ್ದಲ್ಲ, ರೂಢಿಯಿಂದ ಬಂದದ್ದು. ಊರಿನಲ್ಲಿ ಇಬ್ಬರು ಬಳೆಗಾರ್ತಿಯರು. ಒಬ್ಬಳು ಕೋಟೆ ಕಡೆಯವಳು, ಇನ್ನೊಬ್ಬಳು ರಜಾಕಾರ್ತಿ. ನಿಜಾಮನ ಆಳಿಕೆ ಮುಗಿಸಿದ ಪೊಲೀಸ್ ಆಕ್ಷನ್ನಿನ ಮೇಲೆ, ರಜಾಕಾರರ ಪಡೆಯಲ್ಲಿದ್ದನೆಂದು ಬೀಬಿಜಾನಳ ಗಂಡ ಇಸ್ಮಾಯಿಲನನ್ನು ಹಿಡಿದೊಯ್ದು ಜೈಲಿಗೆ ಹಾಕಿದ್ದರು. ಅವನು ಬಿಡುಗಡೆಯಾಗಿ ಬಂದು ಮನೆಯ ಮೂಲೆ ಹಿಡಿದ. ಹೆಸರು ಮಾತ್ರ ಹೆಂಡತಿಯ ಬೆನ್ನು ಹತ್ತಿ ಓಣಿ ಓಣಿ ತಿರುಗಿತು.

"ಏನಂದ್ರಿ? ಏನಂದ್ರಿ ಈಕೀಗೆ?" ಶಕುಂತಲಾಬಾಯಿಯ ಕಣ್ಣು ಮಿಂಚಿದವು.

"ಅದು ಬ್ಯಾರೆ. ಅದು ಬೈಗಳಲ್ಲ. ಗುರ್ತಿಗಿ ಅಂತೀವಿ."

"ನಾವೂ ಗುರ್ತಿಗೇ ಅನ್ನೂದ್ರಿ!" ಶಕುಂತಲಾಬಾಯಿ ತೊಡೆ ತಟ್ಟಿ ನಕ್ಕಳು. "ತನ್ನ ಎಲಿಯಾಗ ಕತ್ತಿ ಸತ್ತು ಬಿದ್ದೈತಿ, ನನ್ನ ಎಲಿ ನೊಣ ಹೊಡ್ಯಾಕ ಬಂದ್ರಲ್ಲ!" ಹಂದರವೆಲ್ಲ ನಕ್ಕಿತು. ಈಗ ತಾನೇ ಹೌದ್ರಿ ಎಂದಿದ್ದ ಕಲ್ಯಾಣದ ಹೆಂಗಸರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ನಗದವಳು ಬೀಬಿಜಾನ ಒಬ್ಬಳೇ. ಅವಳ ಬೆರಳು ಬಿಗಿಯಿತೋ ಏನೋ, ಭಾಗಮ್ಮನ ಎಡಗೈಯ ಕೊನೆಯ ಬಳೆ ಟಣ್ ಎಂದು ಮುರಿಯಿತು. "ಹೆಚ್ಚಿತು, ಹೆಚ್ಚಿತು" ಎಂದು ಹೆಂಗಸರೆಲ್ಲ ಗಾಬರಿಯಿಂದ ಕೂಗಿದರು. ಮುತ್ತೈದೆಯ ಕೈಯ ಬಳೆ ಒಡೆಯಿತು ಎಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಹೆಚ್ಚಿತು ಎನ್ನಬೇಕು.

ಬೀಬಿಜಾನ ಚೂರುಗಳನ್ನು ಆಯ್ದು ಸೆರಗಿಗೆ ಹಾಕಿಕೊಂಡಳು. ಆ ಜಾಗಕ್ಕೆ ಹೊಸ ಬಳೆ ಏರಿಸಿ ಎಡಗೈ ಮುಗಿಸಿದಳು. ಬಲಗೈ ಮುಟ್ಟಲಿಲ್ಲ. ಬುಟ್ಟಿ ಕಟ್ಟಿ ಎದ್ದಳು.

"ಗಾಜಿನ ಚೂರಿಗಿ ಒಡೀತು ಅಂದ್ರ ಕೆಟ್ಟದ್ದಾಗ್ತದ ಅಂತ ಒಳ್ಳೆ ಮಾತು ಹುಡುಕೀರಿ ಬಾಯಿ. ನನಗ ಮಾತ್ರ ನಿಮ್ಮ ಬಾಯಾಗ ಒಂದೂ ಸಿಗಲಿಲ್ಲ" ಎಂದು ಹೇಳಿ ಹೊರಟೇ ಹೋದಳು.

ಒಂದು ಕೈಗೆ ಬಳೆ, ಒಂದು ಕೈ ಬರಿದು. ಮದುಮಗಳು ಹಾಗೆ ಹಸೆಗೆ ಏರುವಂತಿಲ್ಲ. ಒಬ್ಬರು ಶುರು ಮಾಡಿದ ಕೈಯನ್ನು ಇನ್ನೊಬ್ಬ ಬಳೆಗಾರ್ತಿ ಮುಟ್ಟುವುದಿಲ್ಲ. ಮುಟ್ಟಿದರೆ ಮೊದಲಿನವು ಒಡೆಯಬೇಕು, ಅರಿಶಿನದ ಕೈಯ ಹಸಿರು ಬಳೆ ಒಡೆಯುವ ಎದೆ ಯಾರಿಗಿದೆ? ಮಹಾರುದ್ರಪ್ಪ ಹೆಂಡತಿಯನ್ನು ಒಳಗೆ ಕರೆದು ಹಲ್ಲು ಕಡಿದ: "ಬೀಗರ ಮುಂದ ನನ್ನ ಮೂಗು ಕೊಯ್ದಿ. ಹೋಗು, ಆಕೀನ ಕರಕೊಂಡು ಬಾ."

ಕಸ್ತೂರಿಬಾಯಿ ಹೋದಳು, ಆದರೆ ಬೀಬಿಜಾನಳ ಹೊಸ್ತಿಲು ದಾಟಲಿಲ್ಲ. ಒಳಗೆ ಗೋಣಿತಟ್ಟಿನ ಪರದೆಯ ಹಿಂದೆ ಯಾರೋ ಕೆಮ್ಮಿದರು. ಇಸ್ಮಾಯಿಲ.

"ಬರ್ತೀನಿ" ಎಂದಳು ಬೀಬಿಜಾನ. "ಒಂದು ಮಾತು ಸಾಕು. ಎಲ್ಲಾರ ಮುಂದ ಅಂದ್ರಿ, ಎಲ್ಲಾರ ಮುಂದನೇ ಅದು ಬೈಗಳ ಅಂತ ಒಪ್ಪಿಕೋರಿ."

"ಗೋರ್ಟಾ ಊರಿಗಿ ರಜಾಕಾರರು ನುಗ್ಗಿದ ದಿನ ನನ್ನ ತಮ್ಮ ಬಕ್ಕಪ್ಪನ್ನ ಕೊಂದವ್ರು ಯಾರು? ಆವತ್ತು ನಿನ್ನ ಗಂಡ ಎಲ್ಲಿದ್ದ?"

"ಹುಮನಾಬಾದದಾಗ. ಖಾಕಿ ತೊಟ್ಟಿದ್ದ, ಸುಳ್ಳು ಹೇಳಲ್ಲ. ಗೋರ್ಟಾಕ್ಕ ಹೋಗಿಲ್ಲ ಅಂತಾನ. ನಾ ನಂಬೀನಿ, ನೀವು ನಂಬಬ್ಯಾಡ್ರಿ. ಬೇಕಾದ್ರ ಅವನ್ನ ಅನ್ರಿ, ಅಲ್ಲೇ ಪರದಿ ಹಿಂದ ಕುಂತಾನ. ನಾ ಖಾಕಿ ತೊಟ್ಟಿಲ್ಲ. ನನ್ನ ಮಗಳು ಸುಗ್ರಾ ಆವಾಗ ಹುಟ್ಟೇ ಇರ್ಲಿಲ್ಲ. ಆಕೀಗೂ ಸಾಲ್ಯಾಗ ಅದೇ ಹೆಸರು, ಬಾಯಿ."

ಕಸ್ತೂರಿಬಾಯಿಗೆ ಎಲ್ಲವೂ ತಿಳಿಯಿತು. ಅಷ್ಟು ದಡ್ಡಿ ಅಲ್ಲ ಅವಳು. ಒಂದೇ ಮಾತು ಆಡಿದರೆ ಮಗಳ ಕೈ ತುಂಬುತ್ತದೆ, ಶಕುಂತಲಾಬಾಯಿಯ 'ಗುರ್ತಿಗಿ' ಎಂಬ ನೆವವೂ ಬಿದ್ದು ಹೋಗುತ್ತದೆ. ಮಾತು ಗಂಟಲ ತನಕ ಬಂತು. ಆದರೆ ಕಂಬಳಿಯಲ್ಲಿ ಸುತ್ತಿ ತಂದಿದ್ದ ಬಕ್ಕಪ್ಪನ ಹೆಣದ ಕಾಲು ಕಣ್ಣಿಗೆ ಕಟ್ಟಿತು, ಪರದೆಯ ಹಿಂದೆ ಕೆಮ್ಮು ಕೇಳಿಸಿತು, ಮೈಯೆಲ್ಲ ದ್ವೇಷ ಉಕ್ಕಿತು.

"ಬೈಗಳಲ್ಲ ಅದು" ಎಂದಳು. "ನಡೆದಿದ್ದು ಅದು. ಸಾಯೋತನ ಅಂತೀನಿ." ತಿರುಗಿ ನಡೆದಳು.

ಹಂದರಕ್ಕೆ ಬಂದಾಗ ಭಾಗಮ್ಮ ಅವ್ವನ ಮುಖ ನೋಡಿ, ಕೇಳುವುದೇನೂ ಉಳಿದಿಲ್ಲ ಎಂದು ತಿಳಿದುಕೊಂಡಳು. ಅರಿಶಿನದ ಮೈಯಲ್ಲಿ ಮದುಮಗಳು ಹೊಸ್ತಿಲು ದಾಟಬಾರದು. ಭಾಗಮ್ಮ ದಾಟಿದಳು. ಹಿಂದಿನಿಂದ ಕೂಗಿದ ಯಾರಿಗೂ ತಿರುಗಿ ನೋಡದೆ ಓಣಿ ಹಿಡಿದು ಹೋಗಿ, ಬೀಬಿಜಾನಳ ಬಾಗಿಲಲ್ಲಿ ನಿಂತು ಬರಿಗೈ ಚಾಚಿದಳು. "ಬೀಬಿಜಾನ್ ಖಾಲಾ, ಅವ್ವ ಅನ್ನಲ್ಲ. ನಾ ಅಂತೀನಿ. ಅದು ಬೈಗಳ."

ಎರಡೂ ಕೈ ತುಂಬ ಹಸಿರು ಬಳೆ ಹಾಕಿಕೊಂಡು ಹುಡುಗಿ ಹಿಂದಕ್ಕೆ ಬಂದಾಗ, ಶಕುಂತಲಾಬಾಯಿ ಬಾಗಿಲಲ್ಲೇ ನಿಂತಿದ್ದಳು. "ಬಂದ್ಲು ನೋಡ್ರಿ ನಮ್ಮ ಮೊಗಲಾಯಿ!" ಎಂದು ಗಲ್ಲ ಹಿಡಿದಳು. ಆಮೇಲೆ ಬೀಗಿತ್ತಿಯ ಕಡೆ ತಿರುಗಿ, "ಗುರ್ತಿಗೀರಿ ಮತ್ತ" ಎಂದಳು.

ಭಾಗಮ್ಮ ಅವ್ವನನ್ನು ನೋಡಿದಳು. ಅದು ಬೈಗಳ ಎಂದು ಒಪ್ಪಲು ಈಗಲೂ ಹೊತ್ತು ಮೀರಿರಲಿಲ್ಲ. ಕಸ್ತೂರಿಬಾಯಿ ಊಟಕ್ಕೆ ಎಲೆ ಹಾಕಿಸಲು ಒಳಗೆ ಹೋದಳು.

ಮದುವೆ ಆಯಿತು. ಭಾಗಮ್ಮ ಧಾರವಾಡಕ್ಕೆ ಹೋದಳು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಾ ಎಂದು ಹೇಳಿ ಕಳಿಸಿದರೆ, ಇಲ್ಲೇ ಆಗುತ್ತದೆ, ಬರುವುದಿಲ್ಲ ಎಂಬ ಉತ್ತರ ಬಂತು. ಕಾರಣ ಯಾರೂ ಕೇಳಲಿಲ್ಲ, ಕಸ್ತೂರಿಬಾಯಿಗೆ ಕೇಳುವ ಅಗತ್ಯವೂ ಇರಲಿಲ್ಲ. ಮೊಮ್ಮಗಳು ಹುಟ್ಟಿದ ಸುದ್ದಿ ಬಂದಾಗ ತಡೆಯದೆ ಒಬ್ಬಳೇ ಹೊರಟಳು. ಕೂಸಿಗೆ ಕುಂಚಿಗೆ, ಬಾಣಂತಿಗೆ ಅಂಟಿನುಂಡೆ ಕಟ್ಟಿಕೊಂಡು, ಹುಮನಾಬಾದಿನ ಅದೇ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾದು, ರೈಲು ಹತ್ತಿ ಧಾರವಾಡದಲ್ಲಿ ಇಳಿದಳು.

ಬೀಗರು ಮನೆ ಬದಲಿಸಿದ್ದು ಅವಳಿಗೆ ಗೊತ್ತಿರಲಿಲ್ಲ. ಹಳೆಯ ಮನೆಗೆ ಬೀಗ. ಅಲ್ಲೇ ಹಿಂದಿನ ಓಣಿಗೆ ಹೋಗ್ಯಾರ ಎಂದು ಯಾರೋ ಹೇಳಿದರು. ಹಿಂದಿನ ಓಣಿಯಲ್ಲಿ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದ ಹೆಂಗಸರನ್ನು ನಿಂತು ಕೇಳಿದಳು. "ಭಾಗಮ್ಮನ ಮನಿ ಯಾವುದ್ರಿ?"

"ಭಾಗಮ್ಮ? ಇಲ್ಯಾರೂ ಭಾಗಮ್ಮ ಇಲ್ಲಲ್ರಿ."

"ಹೊಸದಾಗಿ ಹಡದಾಳ್ರಿ. ಹೆಣ್ಣು ಕೂಸು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಾಕೆ ಮೊರ ಕೆಳಗಿಟ್ಟು, ಇವಳ ಸೀರೆ, ಇವಳ ಮಾತು, ಕೈಯಲ್ಲಿದ್ದ ಗಂಟು ಎಲ್ಲ ನೋಡಿ, ಒಳ್ಳೆಯ ಮನಸ್ಸಿನಿಂದಲೇ ಕೇಳಿದಳು: "ಮೊಗಲಾಯಿ ಮನಿ ಏನ್ರಿ ನೀವು ಕೇಳೂದು?"

ಕಸ್ತೂರಿಬಾಯಿ ಗಂಟನ್ನು ಎದೆಗೆ ಒತ್ತಿಕೊಂಡು ನಿಂತಳು. ಸಂಜೆಯಾಗುತ್ತಿತ್ತು. ಎಲ್ಲಿಂದಲೋ ಎಳೆಗೂಸಿನ ಅಳು ಕೇಳುತ್ತಿತ್ತು, ಯಾವ ಮನೆಯದೋ ತಿಳಿಯಲಿಲ್ಲ.

"ಹೌದ್ರಿ" ಎಂದಳು. "ಮೊಗಲಾಯಿ ಮನಿ. ಯಾವ ಕಡಿ ಹೋಗ್ಬೇಕ್ರಿ?"